ಸೋತವರಿಗೆ ಹಾಕಿದ ವೋಟು ಎಲ್ಲಿ ಹೋಗುತ್ತದೆ?

"ಗೆಲ್ಲೋರಿಗೆ ಹಾಕು, ಸುಮ್ನೆ ವೋಟು ವೇಸ್ಟ್ ಮಾಡಬೇಡ." 2018ರ ಮೇ ತಿಂಗಳಲ್ಲಿ, ವಿಧಾನಸಭೆ ಚುನಾವಣೆಯ ದಿನ ಬೆಳಿಗ್ಗೆ, ಕಾಫಿ ಲೋಟ ಕೆಳಗಿಡುತ್ತಾ ನಮ್ಮ ದೊಡ್ಡಪ್ಪ ಹೇಳಿದ ಮಾತು ಇದು. ನಾನು ಮೆಚ್ಚಿದ ಅಭ್ಯರ್ಥಿ ನಮ್ಮ ಕ್ಷೇತ್ರದಲ್ಲಿ ಮೂರನೇ ಸ್ಥಾನಕ್ಕೆ ಬೀಳುವುದು ಊರಿಗೆಲ್ಲ ಗೊತ್ತಿತ್ತು. ನನಗೆ ಸಿಟ್ಟು ಬಂತು. ನನ್ನ ವೋಟು, ನನ್ನ ಇಷ್ಟ ಅಂದೆ. ಅವರು ನಕ್ಕು ಸುಮ್ಮನಾದರು. ಮೂರು ದಿನ ಬಿಟ್ಟು ಫಲಿತಾಂಶ ಬಂದ ಮೇಲೆ ನಾನೇ ಕೂತು ಲೆಕ್ಕ ನೋಡಿದೆ. ದೊಡ್ಡಪ್ಪ ಹೇಳಿದ್ದು ಸರಿ ಇತ್ತು. ನಾವು ವೋಟು ಎಣಿಸುವ ನಿಯಮವೇ ಅವರ ಮಾತನ್ನು ಸರಿ ಮಾಡಿಬಿಟ್ಟಿದೆ. ನಿಯಮ ಬೇರೆ ಇರುವ ದೇಶಗಳಲ್ಲಿ ಅದೇ ಮಾತು ಸುಳ್ಳಾಗುತ್ತದೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಲೆಕ್ಕ. ಆ ಸಲ ಕಾಂಗ್ರೆಸ್‌ಗೆ ರಾಜ್ಯದಲ್ಲಿ ಶೇ 38ರಷ್ಟು ವೋಟು ಬಿತ್ತು. ಬಿಜೆಪಿಗೆ ಶೇ 36 ಚಿಲ್ಲರೆ. ಜೆಡಿಎಸ್‌ಗೆ ಶೇ 18. ಸ್ಥಾನಗಳನ್ನು ನೋಡಿದರೆ ಬಿಜೆಪಿಗೆ 104, ಜೆಡಿಎಸ್‌ಗೆ 37, ತಡವಾಗಿ ಮತದಾನ ನಡೆದ ಎರಡು ಕ್ಷೇತ್ರ ಸೇರಿಸಿಕೊಂಡರೂ ಕಾಂಗ್ರೆಸ್‌ಗೆ 80. ಅಂದರೆ ಹೆಚ್ಚು ವೋಟು ಪಡೆದ ಪಕ್ಷ 24 ಸ್ಥಾನ ಹಿಂದೆ. ಐದು ವರ್ಷ ಬಿಟ್ಟು 2023ರಲ್ಲಿ ಬಿಜೆಪಿಗೆ ಮತ್ತೆ ಅದೇ ಶೇ 36 ಬಿತ್ತು. ಈ ಸಲ ಸ್ಥಾನ 66. ವೋಟಿನ ಪಾಲು ಹೆಚ್ಚುಕಮ್ಮಿ ಅಷ್ಟೇ ಇತ್ತು, 38 ಸ್ಥಾನ ಹೋಯಿತು. ಟಿವಿಯಲ್ಲಿ ಎಲ್ಲರೂ ಜನ ಬಿಜೆಪಿಯನ್ನು ಕೈಬಿಟ್ಟರು ಅಂದರು. ರಾಜ್ಯದ ಒಟ್ಟು ಲೆಕ್ಕದಲ್ಲಿ ಹಾಗೇನೂ ಆಗಿರಲಿಲ್ಲ. ಜೆಡಿಎಸ್‌ನ ಪಾಲು ಶೇ 13ಕ್ಕೆ ಇಳಿದಿತ್ತು, ಕಾಂಗ್ರೆಸ್‌ನದು ಸುಮಾರು ಶೇ 43ಕ್ಕೆ ಏರಿತ್ತು. ಉಳಿದದ್ದನ್ನೆಲ್ಲ ನಿಯಮ ಮಾಡಿತು.

ಕಾಂಗ್ರೆಸ್‌ನದೇ ಇನ್ನೊಂದು ಲೆಕ್ಕ ನೋಡಿ. 2004ರಲ್ಲಿ ಶೇ 35 ವೋಟಿಗೆ 65 ಸ್ಥಾನ. 2013ರಲ್ಲಿ ಶೇ 36.6ಕ್ಕೆ 122 ಸ್ಥಾನ. 2018ರಲ್ಲಿ ಶೇ 38ಕ್ಕೆ 80. ನಾನು ಇದನ್ನು ಮೊದಲ ಸಲ ಬರೆದಿಟ್ಟುಕೊಂಡಾಗ ಎಲ್ಲೋ ತಪ್ಪು ಮಾಡಿದ್ದೇನೆ ಅಂದುಕೊಂಡು ಮತ್ತೆ ತಾಳೆ ನೋಡಿದೆ. ತಪ್ಪಿರಲಿಲ್ಲ. 2004, 2008, 2018 ಈ ಮೂರೂ ಸಲ ರಾಜ್ಯದಲ್ಲಿ ಅತಿ ಹೆಚ್ಚು ವೋಟು ಪಡೆದ ಪಕ್ಷ ಸ್ಥಾನದಲ್ಲಿ ಎರಡನೆಯದಾಗಿದೆ. 2004ರಲ್ಲಂತೂ ಬಿಜೆಪಿಗೆ ಶೇ 28 ವೋಟು, 79 ಸ್ಥಾನ.

ಯಾಕೆ ಹೀಗೆ? ನಮ್ಮಲ್ಲಿ 224 ಚುನಾವಣೆಗಳು ಬೇರೆ ಬೇರೆಯಾಗಿ ನಡೆಯುತ್ತವೆ. ಒಂದೊಂದು ಕ್ಷೇತ್ರದಲ್ಲೂ ಒಂದು ವೋಟು ಜಾಸ್ತಿ ಬಂದವರಿಗೆ ಪೂರ್ತಿ ಸ್ಥಾನ, ಉಳಿದವರಿಗೆ ಏನೂ ಇಲ್ಲ. 2004ರಲ್ಲಿ ಸಂತೆಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ನಿಜವಾಗಿಯೂ ಒಂದೇ ಒಂದು ವೋಟಿನಿಂದ: 40,752ಕ್ಕೆ 40,751. 2023ರಲ್ಲಿ ಜಯನಗರದ ಗೆಲುವು 16 ವೋಟಿನದು. ಸೋತ ಅಭ್ಯರ್ಥಿಗೆ ಬಿದ್ದ ಅಷ್ಟೂ ವೋಟು ಅಲ್ಲಿಗೇ ಮುಗಿಯಿತು. ಗೆದ್ದವರಿಗೆ ಬೇಕಿದ್ದಕ್ಕಿಂತ ಜಾಸ್ತಿ ಬಿದ್ದ ವೋಟೂ ಹಾಗೇ. ಒಂದು ಕ್ಷೇತ್ರದಲ್ಲಿ 60 ಸಾವಿರ ಅಂತರದಿಂದ ಗೆದ್ದರೂ ಒಂದೇ ಸ್ಥಾನ, 16 ವೋಟಿನಿಂದ ಗೆದ್ದರೂ ಒಂದೇ ಸ್ಥಾನ.

ಹಾಗಾಗಿ ಒಂದು ಪಕ್ಷಕ್ಕೆ ಎಷ್ಟು ವೋಟು ಬಿತ್ತು ಅನ್ನುವುದರ ಜೊತೆಗೆ ಅದು ಎಲ್ಲಿ ಬಿತ್ತು, ಎದುರಾಳಿಗಳು ಎಷ್ಟು ಚೂರಾಗಿದ್ದರು ಅನ್ನುವುದೂ ಮುಖ್ಯವಾಗುತ್ತದೆ. 2013ರಲ್ಲಿ ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಅನ್ನುವ ಪಕ್ಷ ಕಟ್ಟಿ ಸುಮಾರು ಶೇ 10 ವೋಟು ತೆಗೆದುಕೊಂಡರು, ಶ್ರೀರಾಮುಲು ಅವರ ಪಕ್ಷವೂ ಒಂದಿಷ್ಟು ತೆಗೆದುಕೊಂಡಿತು, ಎದುರಿನ ವೋಟು ಒಡೆದು ಕಾಂಗ್ರೆಸ್‌ಗೆ ಶೇ 36.6ರಲ್ಲೇ ಬಹುಮತ ಬಂತು. 2018ಕ್ಕೆ ಅವರೆಲ್ಲ ಬಿಜೆಪಿಗೆ ವಾಪಸ್ ಬಂದಿದ್ದರು. ಕರಾವಳಿ, ಮಲೆನಾಡು, ಉತ್ತರ ಕರ್ನಾಟಕದಲ್ಲಿ ಆ ಪಕ್ಷದ ವೋಟು ಗಟ್ಟಿಯಾಗಿ ಒಂದೆಡೆ ನಿಂತಿತು. ಹಳೇ ಮೈಸೂರಿನಲ್ಲಿ ಅದಕ್ಕೆ ಬಿದ್ದ ವೋಟೇ ಕಮ್ಮಿ, ಹಾಗಾಗಿ ಅಲ್ಲಿ ಪೋಲಾದದ್ದೂ ಕಮ್ಮಿ. ಕಾಂಗ್ರೆಸ್‌ ವೋಟು ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲ ಕಡೆ ಹರಡಿಕೊಂಡಿರುತ್ತದೆ. ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರವನ್ನು ಆ ಸಲ ಜೆಡಿಎಸ್ ಗೆದ್ದಿತು. ಅಲ್ಲಿ ಕಾಂಗ್ರೆಸ್‌ಗೆ ಬಿದ್ದ ಲಕ್ಷಗಟ್ಟಲೆ ವೋಟಿಗೆ ಒಬ್ಬ ಶಾಸಕನೂ ಸಿಗಲಿಲ್ಲ. 2023ರಲ್ಲಿ ಹಳೇ ಮೈಸೂರಿನಲ್ಲಿ ಬಿಜೆಪಿಗೆ ವೋಟು ಹೆಚ್ಚಿತು, ಸ್ಥಾನ ಹೆಚ್ಚಲಿಲ್ಲ. ಅದೇ ಕಾಯಿಲೆ, ರೋಗಿ ಬದಲಾಗಿದ್ದ ಅಷ್ಟೇ.

ಈ ಪದ್ಧತಿ ನಮಗೆ ಬಂದದ್ದು ಬ್ರಿಟನ್‌ನಿಂದ. ಅಲ್ಲಿ 2024ರ ಜುಲೈನಲ್ಲಿ ಲೇಬರ್ ಪಕ್ಷ ಶೇ 33.7 ವೋಟಿಗೆ 650ರಲ್ಲಿ 411 ಸ್ಥಾನ ಗೆದ್ದಿತು. ಮೂರರಲ್ಲಿ ಒಂದು ಪಾಲು ವೋಟು, ಮೂರರಲ್ಲಿ ಎರಡು ಪಾಲಿಗೆ ಹತ್ತಿರದ ಸ್ಥಾನ. ಅದೇ ಚುನಾವಣೆಯಲ್ಲಿ ರಿಫಾರ್ಮ್ ಪಕ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ವೋಟು ಬಿದ್ದು 5 ಸ್ಥಾನ ಸಿಕ್ಕಿತು. ಅದಕ್ಕಿಂತ ಕಮ್ಮಿ, ಸುಮಾರು 35 ಲಕ್ಷ ವೋಟು ಪಡೆದ ಲಿಬರಲ್ ಡೆಮಾಕ್ರಾಟರಿಗೆ 72. ರಿಫಾರ್ಮ್‌ನ ರಾಜಕೀಯ ನನಗೆ ಒಪ್ಪಿಗೆ ಇಲ್ಲ. ಆದರೆ 40 ಲಕ್ಷ ಜನರಿಗೆ ಐದೇ ಸಂಸದರು ಅನ್ನುವುದು ಅನ್ಯಾಯ, ಆ ಜನ ಯಾರೇ ಆಗಿರಲಿ. 1951ರಲ್ಲಿ ಆಟ್ಲಿ ಅವರ ಲೇಬರ್ ಪಕ್ಷ ಚರ್ಚಿಲ್ ಅವರ ಪಕ್ಷಕ್ಕಿಂತ ಹೆಚ್ಚು ವೋಟು ಪಡೆದೂ ಅಧಿಕಾರ ಕಳೆದುಕೊಂಡಿತ್ತು. ಅಂದರೆ ಇದು ಅಲ್ಲೂ ಹೊಸದಲ್ಲ.

ಪ್ರಧಾನಿಯನ್ನು ಯಾರು ಆರಿಸುತ್ತಾರೆ ಅನ್ನುವುದು ಅಲ್ಲಿ ಇನ್ನೂ ದೂರದ ಮಾತು. 2022ರ ಸೆಪ್ಟೆಂಬರ್‌ನಲ್ಲಿ ಲಿಜ್ ಟ್ರಸ್ ಪ್ರಧಾನಿಯಾಗಿದ್ದು ತಮ್ಮ ಪಕ್ಷದ ಸದಸ್ಯರ 81,326 ವೋಟಿನಿಂದ. ಆಗ ಸೋತ ರಿಷಿ ಸುನಕ್, ನಮ್ಮವರು ಬೆಂಗಳೂರಿನ ಅಳಿಯ ಅನ್ನುವವರು, ಎರಡೇ ತಿಂಗಳೊಳಗೆ ಯಾರ ವೋಟೂ ಇಲ್ಲದೆ, ಎದುರಾಳಿಯೇ ಇಲ್ಲದ್ದರಿಂದ ಪ್ರಧಾನಿಯಾದರು. ಸಂಸತ್ ಪದ್ಧತಿಯಲ್ಲಿ ಇದು ನಿಯಮಬದ್ಧವೇ. ನಮ್ಮ ಮುಖ್ಯಮಂತ್ರಿಗಳು ಅವಧಿಯ ನಡುವೆ ಬದಲಾಗುವುದೂ ಹೀಗೇ ಅಲ್ವಾ?

ಹಾಗಾದರೆ ನಾಯಕನನ್ನು ನೇರವಾಗಿ ಜನರೇ ಆರಿಸಿದರೆ ಸರಿಹೋಗುತ್ತದಾ? ಅಮೆರಿಕ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಅಲ್ಲಿ ಅಧ್ಯಕ್ಷರ ಹೆಸರಿಗೇ ವೋಟು ಹಾಕುತ್ತಾರೆ, ಆದರೆ ಎಣಿಕೆ ರಾಜ್ಯವಾರು. ಅಧ್ಯಕ್ಷರನ್ನು ಕೊನೆಗೆ ಆರಿಸುವುದು ರಾಜ್ಯಗಳ ಪ್ರತಿನಿಧಿಗಳಾದ ಚುನಾಯಕರು (ಎಲೆಕ್ಟರ್‌ಗಳು); ಒಟ್ಟು 538 ಜನ, ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕ ಬಿಟ್ಟು ಉಳಿದೆಲ್ಲ ರಾಜ್ಯಗಳಲ್ಲಿ ಒಂದು ವೋಟು ಮುಂದಿದ್ದವರಿಗೆ ಆ ರಾಜ್ಯದ ಅಷ್ಟೂ ಚುನಾಯಕರು. 2000ದಲ್ಲಿ ಅಲ್ ಗೋರ್‌ಗೆ ದೇಶದಲ್ಲಿ 5 ಲಕ್ಷಕ್ಕೂ ಹೆಚ್ಚು ವೋಟು ಜಾಸ್ತಿ ಇತ್ತು, ಫ್ಲಾರಿಡಾದಲ್ಲಿ 537 ವೋಟು ಕಮ್ಮಿ ಇತ್ತು, ಬುಷ್ ಅಧ್ಯಕ್ಷರಾದರು. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಸುಮಾರು 28 ಲಕ್ಷ ವೋಟು ಜಾಸ್ತಿ. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ 80 ಸಾವಿರಕ್ಕಿಂತ ಕಮ್ಮಿ ವೋಟಿನಲ್ಲಿ ಅವರು ಸೋತರು, ಟ್ರಂಪ್ ಗೆದ್ದರು. 2024ರಲ್ಲಿ ಟ್ರಂಪ್ ಒಟ್ಟು ವೋಟಿನಲ್ಲೂ ಮುಂದಿದ್ದರು, ಶೇ 49.8ಕ್ಕೆ ಶೇ 48.3, ಆಗ ಯಾರಿಗೂ ಈ ಪ್ರಶ್ನೆ ಏಳಲಿಲ್ಲ. ನನಗೆ ಬೇಸರ ಆಗುವುದು ಇಲ್ಲೇ. ಫಲಿತಾಂಶ ತಿರುವುಮುರುವು ಆದ ವರ್ಷ ಮಾತ್ರ ನಾವು ನಿಯಮದ ಬಗ್ಗೆ ಮಾತಾಡುತ್ತೇವೆ. ಕ್ಯಾಲಿಫೋರ್ನಿಯಾದ ರಿಪಬ್ಲಿಕನ್ ಮತದಾರನಿಗೂ, ಟೆಕ್ಸಾಸ್‌ನ ಡೆಮಾಕ್ರಾಟ್ ಮತದಾರಳಿಗೂ ಪ್ರತಿ ಸಲವೂ ನಮ್ಮ ದೊಡ್ಡಪ್ಪನ ಮಾತೇ ಅನ್ವಯಿಸುತ್ತದೆ.

ಈಗ ನ್ಯೂಜಿಲೆಂಡ್‌ಗೆ ಬರುತ್ತೇನೆ. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಕಥೆ ಅದು. ಸುಮಾರು 50 ಲಕ್ಷ ಜನರ ದೇಶ, ಜನಸಂಖ್ಯೆಯಲ್ಲಿ ನಮ್ಮ ಬೆಂಗಳೂರಿಗಿಂತ ಚಿಕ್ಕದು. ಅಲ್ಲೂ ನಮ್ಮದೇ ಪದ್ಧತಿ ಇತ್ತು. 1978ರಲ್ಲಿ ಲೇಬರ್ ಪಕ್ಷಕ್ಕೆ ವೋಟು ಜಾಸ್ತಿ, ನ್ಯಾಷನಲ್ ಪಕ್ಷಕ್ಕೆ ಸ್ಥಾನ ಜಾಸ್ತಿ: 40ಕ್ಕೆ 51. 1981ರಲ್ಲಿ ಮತ್ತೆ ಅದೇ ಕಥೆ. ಎರಡೂ ಸಲ ನ್ಯಾಷನಲ್ ಪಕ್ಷದ ಮಲ್ಡೂನ್ ಪ್ರಧಾನಿ. ಅದೇ 1981ರಲ್ಲಿ ಸೋಷಿಯಲ್ ಕ್ರೆಡಿಟ್ ಅನ್ನುವ ಮೂರನೇ ಪಕ್ಷಕ್ಕೆ ಶೇ 20ಕ್ಕಿಂತ ಹೆಚ್ಚು ವೋಟು ಬಿತ್ತು. ಸಿಕ್ಕಿದ್ದು ಎರಡು ಸ್ಥಾನ. ಐದರಲ್ಲಿ ಒಬ್ಬರು ಆ ಪಕ್ಷ ಬೇಕು ಅಂದಿದ್ದರು.

ಜನರಿಗೆ ಇದು ನುಂಗಲಾಗಲಿಲ್ಲ. ಸರ್ಕಾರ ನೇಮಿಸಿದ ಒಂದು ರಾಯಲ್ ಆಯೋಗ ಕೂತಿತು. 1986ರಲ್ಲಿ ಅದು ಜರ್ಮನಿಯ ಹಾಗೆ ಮಿಶ್ರ ಪದ್ಧತಿಗೆ ಹೋಗಿ ಅಂತ ವರದಿ ಕೊಟ್ಟಿತು. ಎರಡೂ ದೊಡ್ಡ ಪಕ್ಷಗಳಿಗೆ ಅದು ಬೇಡವಾಗಿತ್ತು. ಹಳೇ ನಿಯಮದಿಂದ ಲಾಭ ಇದ್ದದ್ದೇ ಅವುಗಳಿಗೆ. ಆದರೂ 1987ರಲ್ಲಿ ಟಿವಿ ಚರ್ಚೆಯೊಂದರಲ್ಲಿ ಪ್ರಧಾನಿ ಡೇವಿಡ್ ಲಾಂಗಿ ಇದರ ಬಗ್ಗೆ ಜನಮತ ಕೇಳುತ್ತೇವೆ ಅಂದುಬಿಟ್ಟರು. ಆಮೇಲೆ ಅವರ ಪಕ್ಷ ಅದನ್ನು ನಡೆಸಲಿಲ್ಲ. ಎದುರಿನ ಪಕ್ಷ ಅದನ್ನೇ ಹಿಡಿದುಕೊಂಡು, ನಾವು ಬಂದರೆ ಕೇಳುತ್ತೇವೆ ಅಂತ ಭರವಸೆ ಕೊಟ್ಟಿತು, 1990ರಲ್ಲಿ ಬಂದೂ ಬಿಟ್ಟಿತು. 1992ರಲ್ಲಿ ಕೇಳಿದಾಗ ವೋಟು ಹಾಕಿದವರಲ್ಲಿ ಶೇ 85ರಷ್ಟು ಜನ ಬದಲಾವಣೆ ಬೇಕು ಅಂದರು. 1993ರಲ್ಲಿ ಅಂತಿಮವಾಗಿ ಕೇಳಿದಾಗ ಹೊಸ ಪದ್ಧತಿಗೆ ಶೇ 53.9. ಮಾತು ಕೊಟ್ಟು ತಪ್ಪುವ ಪಕ್ಷಗಳನ್ನು ಜನ ಆರು ವರ್ಷ ಬಿಡದೆ ಹಿಡಿದುಕೊಂಡು ಕೆಲಸ ಮಾಡಿಸಿಕೊಂಡರು.

1996ರಿಂದ ಅಲ್ಲಿ ಹೇಗೆ ನಡೆಯುತ್ತದೆ ಅಂದರೆ, ಮತದಾರರಿಗೆ ಎರಡು ವೋಟು. ಒಂದು ನಿಮ್ಮ ಕ್ಷೇತ್ರದ ಅಭ್ಯರ್ಥಿಗೆ, ನಮ್ಮ ಹಾಗೇ. ಇನ್ನೊಂದು ಪಕ್ಷಕ್ಕೆ. ಸಂಸತ್ತಿನ 120 ಸ್ಥಾನದಲ್ಲಿ ಯಾರಿಗೆ ಎಷ್ಟು ಅನ್ನುವುದನ್ನು ಪಕ್ಷದ ವೋಟು ತೀರ್ಮಾನಿಸುತ್ತದೆ. ಒಂದು ಪಕ್ಷಕ್ಕೆ ದೇಶದಲ್ಲಿ ಶೇ 20 ಪಕ್ಷದ ವೋಟು ಬಿತ್ತು, ಕ್ಷೇತ್ರಗಳಲ್ಲಿ ಬರೀ 2 ಗೆದ್ದಿತು ಅಂದುಕೊಳ್ಳಿ. ಅದಕ್ಕೆ ಸಲ್ಲಬೇಕಾದದ್ದು 24. ಉಳಿದ 22 ಜನ ಆ ಪಕ್ಷ ಮೊದಲೇ ಪ್ರಕಟಿಸಿದ ಪಟ್ಟಿಯಿಂದ ಸಾಲಾಗಿ ಒಳಗೆ ಬರುತ್ತಾರೆ. ಶೇ 5 ದಾಟಬೇಕು, ಇಲ್ಲವೇ ಒಂದು ಕ್ಷೇತ್ರವನ್ನಾದರೂ ಗೆಲ್ಲಬೇಕು, ಅಷ್ಟೇ ಷರತ್ತು.

ದೊಡ್ಡಪ್ಪನಿಗೆ ಇದನ್ನು ವಿವರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಹಾಗಾದ್ರೆ ನಮ್ಮೂರಿನ ಎಂಎಲ್‌ಎ ಯಾರು? ರಸ್ತೆ ಕೆಟ್ರೆ ಯಾರ ಮನೆ ಬಾಗಿಲಿಗೆ ಹೋಗೋದು?" ಒಳ್ಳೇ ಪ್ರಶ್ನೆ. ಇಡೀ ದೇಶವನ್ನೇ ಒಂದು ಕ್ಷೇತ್ರ ಮಾಡುವ ಇಸ್ರೇಲ್‌ನಲ್ಲಿ ಅದಕ್ಕೆ ಉತ್ತರ ಇಲ್ಲ. ನ್ಯೂಜಿಲೆಂಡ್‌ನಲ್ಲಿ ಇದೆ. ಕ್ಷೇತ್ರದ ಸಂಸದರು ಹಾಗೇ ಉಳಿದಿದ್ದಾರೆ, ಅವರ ಮನೆ ಬಾಗಿಲೂ ಉಳಿದಿದೆ. ಅದರ ಮೇಲೆ, ನಿಮ್ಮ ಕ್ಷೇತ್ರದಲ್ಲಿ ಸೋತ ಪಕ್ಷಕ್ಕೆ ನೀವು ಹಾಕಿದ ಪಕ್ಷದ ವೋಟು ದೇಶದ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ, ಹೆಂಗಸರಿಗೆ, ವಲಸೆ ಬಂದವರಿಗೆ ಬಾಗಿಲು ತೆರೆದದ್ದೂ ಈ ಪಟ್ಟಿಯೇ. ಕನ್ವಲ್‌ಜಿತ್ ಸಿಂಗ್ ಬಕ್ಷಿ 2008ರಲ್ಲಿ ಅಲ್ಲಿನ ಸಂಸತ್ತಿಗೆ ಹೋಗಿದ್ದು ಪಟ್ಟಿಯಿಂದ.

ಇದರಲ್ಲೂ ಕಷ್ಟ ಇದೆ. 2017ರಲ್ಲಿ ನ್ಯಾಷನಲ್ ಪಕ್ಷಕ್ಕೆ ಶೇ 44.4 ವೋಟು, 56 ಸ್ಥಾನ. ಲೇಬರ್‌ಗೆ ಶೇ 36.9, 46 ಸ್ಥಾನ. ಶೇ 7ರಷ್ಟು ವೋಟು, 9 ಸ್ಥಾನ ಇದ್ದ ನ್ಯೂಜಿಲೆಂಡ್ ಫಸ್ಟ್ ಪಕ್ಷದ ವಿನ್‌ಸ್ಟನ್ ಪೀಟರ್ಸ್ ಸುಮಾರು ನಾಲ್ಕು ವಾರ ಎರಡೂ ಕಡೆ ಮಾತಾಡಿ, ಕೊನೆಗೆ ಟಿವಿ ಮುಂದೆ ಬಂದು ಲೇಬರ್ ಅಂದರು. ಗ್ರೀನ್ ಪಕ್ಷದ 8 ಜನರ ಬೆಂಬಲವೂ ಸೇರಿ ಜಸಿಂಡಾ ಅರ್ಡರ್ನ್ ಪ್ರಧಾನಿಯಾದರು. ಅತಿ ದೊಡ್ಡ ಪಕ್ಷ ಹೊರಗೆ ಕೂತಿತು. ಕನ್ನಡಿಗರಿಗೆ ಇದು ಗುರುತಿನ ದೃಶ್ಯ, 2018ರಲ್ಲಿ 37 ಸ್ಥಾನದ ಕುಮಾರಸ್ವಾಮಿ ಮುಖ್ಯಮಂತ್ರಿಯಾದದ್ದು ನೆನಪಿರಬೇಕು. ಹಾಗಾದರೆ ಏನು ವ್ಯತ್ಯಾಸ? ಅರ್ಡರ್ನ್ ಹಿಂದೆ ನಿಂತ ಮೂರು ಪಕ್ಷಗಳ ವೋಟು ಸೇರಿಸಿದರೆ ಶೇ 50 ದಾಟುತ್ತಿತ್ತು, ಸಂಸತ್ತಿನ ಸ್ಥಾನವೂ ಅದೇ ಅಳತೆಯಲ್ಲಿತ್ತು. ಮುಂದಿನ ಚುನಾವಣೆಯಲ್ಲಿ ಜನರೇ ತೀರ್ಪು ಕೊಟ್ಟರು: 2020ರಲ್ಲಿ ಲೇಬರ್‌ಗೆ ಶೇ 50, 65 ಸ್ಥಾನ, ಪೀಟರ್ಸ್ ಪಕ್ಷ ಶೇ 5 ದಾಟದೆ ಪೂರ್ತಿ ಹೊರಗೆ. 2023ರಲ್ಲಿ ಅವರು ಮತ್ತೆ ಒಳಗೆ ಬಂದರು. ನಡುವೆ 2011ರಲ್ಲಿ ಈ ಪದ್ಧತಿ ಇರಲೋ ಬೇಡವೋ ಅಂತ ಇನ್ನೊಮ್ಮೆ ಕೇಳಿದ್ದರು. ಶೇ 57ಕ್ಕಿಂತ ಹೆಚ್ಚು ಜನ ಇರಲಿ ಅಂದರು.

ಒಳಗೊಳಗೇ ಪಕ್ಷಗಳು ಒಡೆದು ಸರ್ಕಾರ ಬೀಳುವ ಭಯ ನಮ್ಮವರಿಗೆ ಸಹಜ. 2018ರ ಸರ್ಕಾರ 14 ತಿಂಗಳು ನಡೆದು, ಶಾಸಕರು ಮುಂಬೈ ಹೋಟೆಲಿನಲ್ಲಿ ಕೂತು, 2019ರ ಜುಲೈನಲ್ಲಿ ವಿಶ್ವಾಸಮತ 99ಕ್ಕೆ 105ರಲ್ಲಿ ಬಿದ್ದದ್ದನ್ನು ಎಲ್ಲರೂ ನೋಡಿದ್ದೇವೆ. ಅದೆಲ್ಲ ನಡೆದದ್ದು ಈಗಿರುವ ಪದ್ಧತಿಯಲ್ಲೇ ಅನ್ನುವುದನ್ನು ಮರೆಯಬಾರದು. ಸ್ಥಿರತೆಗೆ ಬೇರೆ ಮದ್ದು ಇದೆ. ಜರ್ಮನಿಯಲ್ಲಿ ಚಾನ್ಸಲರ್‌ನನ್ನು ಇಳಿಸಬೇಕಾದರೆ ಅದೇ ನಿರ್ಣಯದಲ್ಲಿ ಮುಂದಿನವರು ಯಾರು ಅಂತ ಹೆಸರು ಹೇಳಿ, ಅವರಿಗೆ ಬಹುಮತ ಇದೆ ಅಂತ ತೋರಿಸಬೇಕು. ಬರೀ ಕೆಡವಲು ಆಗುವುದಿಲ್ಲ, ಕಟ್ಟುವವರೂ ಸಿದ್ಧ ಇರಬೇಕು. ಈ ದಾರಿಯಲ್ಲಿ ಸರ್ಕಾರ ಬದಲಾಗಿದ್ದು ಒಂದೇ ಸಲ, 1982ರ ಅಕ್ಟೋಬರ್‌ನಲ್ಲಿ, ಶ್ಮಿಟ್ ಹೋಗಿ ಕೋಲ್ ಬಂದಾಗ. ಹಿಟ್ಲರ್‌ಗೆ ಮುಂಚಿನ ವೈಮಾರ್ ಗಣರಾಜ್ಯ ಒಡೆದ ಸಂಸತ್ತಿನಿಂದಲೂ ಕುಸಿದದ್ದನ್ನು ನೋಡಿದ ಜನ ಬರೆದುಕೊಂಡ ನಿಯಮ ಅದು. ಶೇ 5ರ ಮಿತಿ ಇಟ್ಟಿದ್ದೂ ಅದಕ್ಕೇ.

ಮಿತಿ ಇಟ್ಟರೆ ಮತ್ತೆ ವೋಟು ಪೋಲಾಗುತ್ತದೆ. ಅದನ್ನು ಮುಚ್ಚಿಡಬಾರದು. 2025ರ ಫೆಬ್ರವರಿಯಲ್ಲಿ ಜರ್ಮನಿಯ ಬಿಎಸ್‌ಡಬ್ಲ್ಯು ಪಕ್ಷಕ್ಕೆ ಶೇ 4.98 ಬಂತು. 10 ಸಾವಿರಕ್ಕೂ ಕಮ್ಮಿ ವೋಟಿನ ಕೊರತೆಯಿಂದ ಸುಮಾರು 25 ಲಕ್ಷ ವೋಟಿಗೆ ಒಂದು ಸ್ಥಾನವೂ ಇಲ್ಲದೆ ಹೋಯಿತು. ಮಿತಿ ತೀರಾ ಕಮ್ಮಿ ಇಟ್ಟರೆ ಇನ್ನೊಂದು ತೊಂದರೆ. ಇಸ್ರೇಲ್‌ನಲ್ಲಿ ಅದು ಶೇ 3.25. ಅಲ್ಲಿ 2019ರ ಏಪ್ರಿಲ್‌ನಿಂದ 2022ರ ನವೆಂಬರ್‌ವರೆಗೆ ಐದು ಚುನಾವಣೆ ನಡೆದವು. 2021ರಲ್ಲಿ ಪ್ರಧಾನಿಯಾದ ನಫ್ತಾಲಿ ಬೆನೆಟ್ ಅವರ ಪಕ್ಷ ಗೆದ್ದಿದ್ದು 120ರಲ್ಲಿ 7 ಸ್ಥಾನ. ಮಿತಿ ಶೇ 5 ಇರುವ ಬೆಲ್ಜಿಯಂನಲ್ಲೂ 2010ರ ಚುನಾವಣೆಯ ನಂತರ ಸರ್ಕಾರ ರಚನೆಗೆ 541 ದಿನ ಬೇಕಾಯಿತು. ಅಂಥ ಗೋಜಲು ನನಗೂ ಬೇಡ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚುವುದು ನ್ಯಾಯ, ಆದರೆ ಆಳಲಿಕ್ಕೆ ಯಾರಾದರೂ ಬೇಕು.

ಇನ್ನೊಂದು ದಾರಿ, ಪಕ್ಷದ ಪಟ್ಟಿ ಇಲ್ಲದೆ, ಮತದಾರರಿಗೆ 1, 2, 3 ಅಂತ ಬರೆಯಲು ಬಿಡುವುದು. ಇದು ಪರದೇಶದ ವಿಷಯ ಅಂದುಕೊಳ್ಳಬೇಡಿ. ಕರ್ನಾಟಕ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ನಾವು ಮಾಡುವುದು ಇದನ್ನೇ. ಬೂತ್‌ನಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನು ಹಿಡಿದು ನಾನೂ ಒಂದು ಸಲ 1, 2, 3 ಬರೆದು ಬಂದಿದ್ದೇನೆ. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಅರ್ಧ ದಾಟದಿದ್ದರೆ ಕೊನೆಯಲ್ಲಿರುವವರನ್ನು ತೆಗೆದು, ಅವರ ಮತಪತ್ರಗಳಲ್ಲಿ 2 ಅಂತ ಯಾರಿಗಿದೆಯೋ ಅವರಿಗೆ ಸೇರಿಸುತ್ತಾ ಹೋಗುತ್ತಾರೆ. ಅವತ್ತು ನಾನು 1 ಕೊಟ್ಟವರು ಸೋಲುತ್ತಾರೆ ಅಂತ ಗೊತ್ತಿತ್ತು. ಆದರೂ ಕೈ ನಡುಗಲಿಲ್ಲ. ಅವರು ಹೊರಗೆ ಹೋದರೆ ನನ್ನ ವೋಟು 2ನೆಯವರಿಗೆ ನಡೆದು ಹೋಗುತ್ತದೆ ಅಂತಲೂ ಗೊತ್ತಿತ್ತು. ವಿಧಾನಸಭೆ ಚುನಾವಣೆಯಲ್ಲಿ ಆ ನೆಮ್ಮದಿ ನನಗೆ ಒಮ್ಮೆಯೂ ಸಿಕ್ಕಿಲ್ಲ.

ಈ ಲೆಕ್ಕ ಫಲಿತಾಂಶವನ್ನೇ ತಿರುಗಿಸಬಲ್ಲದು. ಐರ್ಲೆಂಡ್‌ನಲ್ಲಿ 1990ರ ಅಧ್ಯಕ್ಷ ಚುನಾವಣೆಯ ಮೊದಲ ಎಣಿಕೆಯಲ್ಲಿ ಬ್ರಯಾನ್ ಲೆನಿಹನ್ ಶೇ 44, ಮೇರಿ ರಾಬಿನ್ಸನ್ ಶೇ 39ರ ಹತ್ತಿರ. ನಮ್ಮ ನಿಯಮದಲ್ಲಾದರೆ ಅಲ್ಲಿಗೆ ಮುಗಿಯಿತು. ಮೂರನೆಯವರ ವೋಟು ಹಂಚಿದಾಗ ಹೆಚ್ಚಿನವು ರಾಬಿನ್ಸನ್ ಕಡೆ ಹೋಗಿ ಅವರು ಆ ದೇಶದ ಮೊದಲ ಮಹಿಳಾ ಅಧ್ಯಕ್ಷೆಯಾದರು. ಫ್ರಾನ್ಸ್‌ನವರು ಅಧ್ಯಕ್ಷರ ಚುನಾವಣೆಯಲ್ಲಿ ಇದನ್ನೇ ಎರಡು ಭಾನುವಾರದಲ್ಲಿ ಮಾಡುತ್ತಾರೆ: ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧ ಬರದಿದ್ದರೆ ಮೊದಲಿಬ್ಬರ ನಡುವೆ ಮತ್ತೊಂದು ಸುತ್ತು. ಅದರಲ್ಲೊಂದು ಅಪಾಯ ಇದೆ. 2002ರಲ್ಲಿ ಎಡಪಕ್ಷಗಳ ವೋಟು ಹಲವು ಅಭ್ಯರ್ಥಿಗಳಲ್ಲಿ ಹಂಚಿಹೋಗಿ, ಪ್ರಧಾನಿಯಾಗಿದ್ದ ಜೋಸ್ಪಾ ಶೇ 16.2ರಲ್ಲಿ ಮೂರನೆಯವರಾದರು, ಶೇ 16.9 ಪಡೆದ ತೀವ್ರ ಬಲಪಂಥದ ಲ ಪೆನ್ ಎರಡನೇ ಸುತ್ತಿಗೆ ಹೋದರು. ಎರಡನೇ ಸುತ್ತಿನಲ್ಲಿ ಆಗಿನ ಅಧ್ಯಕ್ಷ ಷಿರಾಕ್‌ಗೆ ಶೇ 82 ಬಿತ್ತು. ಆ 82ರಲ್ಲಿ ಬಹಳ ಜನ ಅವರನ್ನು ಇಷ್ಟಪಟ್ಟು ಹಾಕಿದವರಲ್ಲ.

ನಮ್ಮ ಸಂವಿಧಾನ ಬರೆದವರು ಇದನ್ನೆಲ್ಲ ಯೋಚಿಸಿರಲಿಲ್ಲವೇ? ಯೋಚಿಸಿದ್ದರು. ಸಂವಿಧಾನ ರಚನಾ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಪ್ರಮಾಣಾನುಗುಣ ಪ್ರಾತಿನಿಧ್ಯ, ಅಂದರೆ ವೋಟಿನ ಪಾಲಿಗೆ ತಕ್ಕಷ್ಟು ಸ್ಥಾನ, ಬೇಕು ಅಂತ ತಿದ್ದುಪಡಿ ತಂದರು. 1949ರ ಜನವರಿಯಲ್ಲಿ ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಅಕ್ಷರ ಬಾರದ ಜನ ಇಷ್ಟೊಂದು ಇರುವಾಗ ಈ ಪದ್ಧತಿ ನಡೆಯುವುದು ಕಷ್ಟ, ಸದನ ಚೂರುಚೂರಾಗಿ ಸರ್ಕಾರ ನಿಲ್ಲುವುದಿಲ್ಲ ಅನ್ನುವುದು ಅವರ ಆತಂಕ. ಆ ದಿನಕ್ಕೆ ಅದು ಸರಿಯಾದ ಮಾತು. 1951ರ ಜನಗಣತಿಯಲ್ಲಿ ಅಕ್ಷರ ಬಲ್ಲವರು ಶೇ 18 ಮಾತ್ರ. ಹೊಸದಾಗಿ ಒಡೆದ ದೇಶ, ಗಟ್ಟಿ ಸರ್ಕಾರ ಬೇಕಿತ್ತು. ಆದರೆ ರಾಜ್ಯಸಭೆಗೆ, ರಾಷ್ಟ್ರಪತಿ ಚುನಾವಣೆಗೆ ಅದೇ ಸಂವಿಧಾನ ಪ್ರಾಶಸ್ತ್ಯದ ಮತವನ್ನೇ ಇಟ್ಟಿತು. ಶಾಸಕರಿಗೆ, ಸಂಸದರಿಗೆ ಒಂದು ಲೆಕ್ಕ, ಜನರಿಗೆ ಇನ್ನೊಂದು ಲೆಕ್ಕ ಆಯಿತು.

ಈಗಲೂ ನಮ್ಮ ಜನಕ್ಕೆ ಇದು ಅರ್ಥ ಆಗುವುದಿಲ್ಲ ಅನ್ನುವವರಿದ್ದಾರೆ. ಆ ಮಾತು ಕೇಳಿದರೆ ನನಗೆ ನೋವಾಗುತ್ತದೆ. ಪಕ್ಕದ ನೇಪಾಳ ನೋಡಿ. 2015ರ ಸಂವಿಧಾನದಂತೆ ಅಲ್ಲಿ 275 ಸ್ಥಾನ, 165 ನೇರ ಕ್ಷೇತ್ರದಿಂದ, 110 ಪಕ್ಷದ ವೋಟಿನಿಂದ. ಬೆಟ್ಟದ ಊರಿನ ಮುದುಕಿಯೂ ಎರಡು ಮತಪತ್ರ ಹಿಡಿದು ವೋಟು ಹಾಕುತ್ತಾಳೆ. ಶ್ರೀಲಂಕಾದಲ್ಲಿ ಅಧ್ಯಕ್ಷರ ಚುನಾವಣೆಗೆ 1, 2, 3 ಬರೆಯಬಹುದು. 2024ರ ಸೆಪ್ಟೆಂಬರ್‌ನಲ್ಲಿ ಅನುರ ಕುಮಾರ ದಿಸ್ಸಾನಾಯಕೆ ಮೊದಲ ಎಣಿಕೆಯಲ್ಲಿ ಶೇ 42 ಮಾತ್ರ ಪಡೆದಾಗ, ಆ ದೇಶದ ಇತಿಹಾಸದಲ್ಲೇ ಮೊದಲ ಬಾರಿ ಎರಡನೇ ಪ್ರಾಶಸ್ತ್ಯ ಎಣಿಸಿದರು. ದೇಶ ತಲೆಕೆಳಗಾಗಲಿಲ್ಲ.

ಲೋಕಸಭೆಯ ಲೆಕ್ಕವೂ ಹೀಗೇ ಕುಣಿಯುತ್ತದೆ. 2014ರಲ್ಲಿ ಬಿಜೆಪಿಗೆ ಶೇ 31ಕ್ಕೆ 282 ಸ್ಥಾನ. 2019ರಲ್ಲಿ ಶೇ 37.4ಕ್ಕೆ 303. 2024ರಲ್ಲಿ ಶೇ 36.6ಕ್ಕೆ 240. ವೋಟಿನ ಪಾಲು ಶೇ 1ರಷ್ಟೂ ಇಳಿಯಲಿಲ್ಲ, 63 ಸ್ಥಾನ ಹೋಯಿತು. 2014ರಲ್ಲಿ ವೋಟಿನಲ್ಲಿ ದೇಶಕ್ಕೇ ಮೂರನೆಯದಾದ ಬಿಎಸ್‌ಪಿಗೆ ಒಂದು ಸ್ಥಾನವೂ ಬರಲಿಲ್ಲ. ಉತ್ತರ ಪ್ರದೇಶದಲ್ಲಿ ಐದರಲ್ಲಿ ಒಬ್ಬರು ಹಾಕಿದ ವೋಟು ಅದು, ಬಹುಪಾಲು ದಲಿತರದ್ದು. 2024ರಲ್ಲಿ ತಮಿಳುನಾಡಿನಲ್ಲಿ ಎಐಎಡಿಎಂಕೆಗೆ ಶೇ 20, ಬಿಜೆಪಿಗೆ ಶೇ 11, ಇಬ್ಬರಿಗೂ ಸೊನ್ನೆ, 39ಕ್ಕೆ 39 ಡಿಎಂಕೆ ಕೂಟಕ್ಕೆ. ಇದು ಒಂದು ಪಕ್ಷದ ದೂರು ಅಂತ ಯಾರೂ ತಿಳಿಯಬಾರದು. ಇವತ್ತು ಲಾಭ ಪಡೆದವರು ನಾಳೆ ಕಳೆದುಕೊಳ್ಳುತ್ತಾರೆ. ಪ್ರತಿ ಸಲವೂ ಕಳೆದುಕೊಳ್ಳುವವರು ಮತದಾರರು.

ಈಗ ಇದನ್ನು ಮಾತಾಡಲು ಒಂದು ಕಾರಣ ಇದೆ. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನ ಅನ್ನುವುದು 1971ರ ಜನಗಣತಿಯ ಮೇಲೆ ನಿಂತಿದೆ. 1976ರಲ್ಲಿ ಅದನ್ನು ತಡೆಹಿಡಿದರು, 2001ರಲ್ಲಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿದರು. ಆ ಕಾಲ ಬಂದಿದೆ. ದಕ್ಷಿಣದ ಪಾಲು ಕಮ್ಮಿಯಾಗುತ್ತದೆ ಅನ್ನುವ ಭಯ ನಿಜವಾದದ್ದು, ಅದರ ಬಗ್ಗೆ ಎಲ್ಲರೂ ಮಾತಾಡುತ್ತಿದ್ದಾರೆ. ಆದರೆ ಸ್ಥಾನ ಹೆಚ್ಚಿಸುವ ಮಾತು ಬಂದಾಗ, ಹೆಚ್ಚುವ ಸ್ಥಾನ ತುಂಬುವುದು ಹೇಗೆ ಅಂತ ಯಾರೂ ಕೇಳುತ್ತಿಲ್ಲ. 1999ರಲ್ಲೇ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ ಒಂದು ದಾರಿ ಹೇಳಿತ್ತು: ಈಗಿನ ಕ್ಷೇತ್ರಗಳು ಹಾಗೇ ಇರಲಿ, ಶೇ 25ರಷ್ಟು ಸ್ಥಾನ ಹೆಚ್ಚಿಸಿ, ಆ ಹೆಚ್ಚಿನವನ್ನು ಪಕ್ಷಗಳ ಪಟ್ಟಿಯಿಂದ ತುಂಬೋಣ. ವರದಿ ಕಪಾಟಿನಲ್ಲಿ ಉಳಿಯಿತು.

ನಾನು ಅದಕ್ಕೆ ನ್ಯೂಜಿಲೆಂಡಿನ ಲೆಕ್ಕ ಸೇರಿಸಿ, ಪಟ್ಟಿಯನ್ನು ರಾಜ್ಯವಾರು ಮಾಡಿ, ಕರ್ನಾಟಕಕ್ಕೆ ಹಾಕಿ ನೋಡಿದೆ. ನಮ್ಮ 28ಕ್ಕೆ ಶೇ 25 ಅಂದರೆ 7, ಒಟ್ಟು 35. 2024ರಲ್ಲಿ ಬಿಜೆಪಿಗೆ ಶೇ 46.1 ವೋಟು, 17 ಸ್ಥಾನ. ಕಾಂಗ್ರೆಸ್‌ಗೆ ಶೇ 45.4, 9 ಸ್ಥಾನ. ಜೆಡಿಎಸ್‌ಗೆ ಶೇ 5.6, 2 ಸ್ಥಾನ. ಎರಡು ದೊಡ್ಡ ಪಕ್ಷಗಳ ನಡುವೆ ವೋಟಿನಲ್ಲಿ ಶೇ 1ರಷ್ಟೂ ಅಂತರ ಇಲ್ಲ, ಸ್ಥಾನದಲ್ಲಿ ಹೆಚ್ಚುಕಮ್ಮಿ ಎರಡರಷ್ಟು. ಹೆಚ್ಚಿನ 7 ಸ್ಥಾನವನ್ನು ವೋಟಿನ ಅಳತೆಗೆ ತಕ್ಕಂತೆ ಸರಿದೂಗಿಸಿದರೆ ಬಿಜೆಪಿ 17, ಕಾಂಗ್ರೆಸ್ 16, ಜೆಡಿಎಸ್ 2 ಆಗುತ್ತದೆ. ಗೆದ್ದವರು ಒಂದನ್ನೂ ಕಳೆದುಕೊಳ್ಳುವುದಿಲ್ಲ, ಕ್ಷೇತ್ರದ ಸಂಸದರೂ ಅವರೇ. ವಿಧಾನಸಭೆಗೆ ಇದೇ ಲೆಕ್ಕ ಪೂರ್ತಿ ಹಾಕಿದರೆ ಯಾವ ಪಕ್ಷಕ್ಕೂ ಸುಲಭವಾಗಿ ಬಹುಮತ ಬರುವುದಿಲ್ಲ, 2023ರ ಕಾಂಗ್ರೆಸ್ ಕೂಡ 224ರಲ್ಲಿ 100ರ ಆಸುಪಾಸಿಗೇ ನಿಲ್ಲುತ್ತಿತ್ತು, ಹೊಂದಾಣಿಕೆ ಸರ್ಕಾರ ಕಲಿಯಬೇಕಾಗುತ್ತದೆ. ಈ ಕಾಗದವನ್ನು ಮೊನ್ನೆ ದೊಡ್ಡಪ್ಪನ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಎರಡು ವೋಟು ಕೊಡೋದಾದ್ರೆ, ಒಂದು ನೀನು ಹೇಳಿದೋರಿಗೆ ಹಾಕ್ತೀನಿ" ಅಂದರು.